ಹಳೆಯ ಚೀಟಿಯೂ ಹೊಸ ಯಂತ್ರವೂ

ಹಳೆಯದನ್ನು ಯಾವಾಗ ಬಿಡಬೇಕು, ಹೊಸದನ್ನು ಹೇಗೆ ತರಬೇಕು ಎಂಬುದು ಮನೆಯ ಮಟ್ಟಿಗೆ ಖರ್ಚುವೆಚ್ಚದ ಪ್ರಶ್ನೆ. ಆದರೆ ಆ ಹಳೆಯದು ಆಂಬುಲೆನ್ಸುಗಳನ್ನು ರೋಗಿಗಳ ಬಳಿಗೆ ಕಳುಹಿಸುವ ವ್ಯವಸ್ಥೆಯಾಗಿದ್ದಲ್ಲಿ ಅದು ನೀತಿಯ ಪ್ರಶ್ನೆಯಾಗುತ್ತದೆ. ನಿರ್ಧಾರ ಕೈಗೊಳ್ಳುವವರು ಕಚೇರಿಯಲ್ಲಿರುತ್ತಾರೆ. ಅದರ ಫಲವನ್ನು ಉಣ್ಣುವವರೋ, ನಾಳೆ ನಡುರಾತ್ರಿ ದೂರವಾಣಿಯತ್ತ ಧಾವಿಸುವ, ಇಂದು ಯಾರಿಗೂ ಪರಿಚಯವಿಲ್ಲದ ಜನರು. ಮುಖ ಕಾಣದ ಈ ನೆರೆಯವನಿಗೆ ನಾವು ಏನನ್ನು ಸಲ್ಲಿಸಬೇಕು?

ಲಂಡನ್ ನಗರದ ಅನುಭವ ಇಲ್ಲಿ ಸ್ಮರಣೀಯ. 1990ರ ದಶಕದ ಆರಂಭದಲ್ಲಿ ಅಲ್ಲಿನ ಆಂಬುಲೆನ್ಸ್ ಸೇವೆ ಸುಮಾರು 600 ಚದರ ಮೈಲಿ ಪ್ರದೇಶದ 68 ಲಕ್ಷ ಜನರಿಗೆ ಆಸರೆಯಾಗಿತ್ತು. ಕರೆ ಸ್ವೀಕರಿಸುವವರು ವಿವರಗಳನ್ನು ಮುದ್ರಿತ ಚೀಟಿಯಲ್ಲಿ ಬರೆದು, ನಕ್ಷೆಯ ಪುಸ್ತಕದಲ್ಲಿ ಸ್ಥಳ ಹುಡುಕುತ್ತಿದ್ದರು. ಆ ಚೀಟಿ ಚಲಿಸುವ ಪಟ್ಟಿಯೊಂದರ ಮೇಲೆ ಕೋಣೆಯ ಮಧ್ಯಕ್ಕೆ ಸಾಗುತ್ತಿತ್ತು. ಒಂದೇ ಅಪಘಾತಕ್ಕೆ ಎರಡು ಕರೆ ಬಂದಿವೆಯೇ, ಯಾವ ವಾಹನ ಸಮೀಪದಲ್ಲಿದೆ ಎಂಬುದನ್ನೆಲ್ಲ ಅನುಭವಿ ಸಿಬ್ಬಂದಿ ಬಹುಮಟ್ಟಿಗೆ ನೆನಪಿನ ಬಲದಿಂದಲೇ ತೀರ್ಮಾನಿಸುತ್ತಿದ್ದರು. ನಿಧಾನವಾದ, ಮರೆವಿಗೆ ಎಡೆಯಿದ್ದ ಪದ್ಧತಿ. ಬದಲಾವಣೆ ಅಗತ್ಯವಾಗಿತ್ತು ಎಂಬುದು ನಿರ್ವಿವಾದ.

ತಪ್ಪಿದ್ದು ಬದಲಾವಣೆಯ ರೀತಿಯಲ್ಲಿ. ಸಿದ್ಧ ತಂತ್ರಾಂಶ ದೊರೆತರೂ 15 ಲಕ್ಷ ಪೌಂಡ್ ಹಣ ಮತ್ತು 19 ತಿಂಗಳ ಕಾಲ ಬೇಕೆಂದು ಸಲಹೆಗಾರರು ಮೊದಲೇ ಹೇಳಿದ್ದರು. 1991ರಲ್ಲಿ ಗುತ್ತಿಗೆ ನೀಡಿದ್ದು 10 ಲಕ್ಷಕ್ಕೂ ಕಡಿಮೆ ಮೊತ್ತ ಕೂಗಿದವರಿಗೆ. ಕೆಲಸ ಮುಗಿಯಬೇಕಾಗಿದ್ದುದು 1992ರ ಜನವರಿಗೆ! (ಕಡಿಮೆ ಬೆಲೆಯ ಟೆಂಡರಿನ ಪ್ರಲೋಭನೆ ನಮ್ಮ ಕಟ್ಟಡ ಸಮಿತಿಗಳಿಗೂ ಅಪರಿಚಿತವೇನಲ್ಲ.) ಆ ಗಡುವು ತಪ್ಪಿತು. ಕೊನೆಗೆ 1992ರ ಅಕ್ಟೋಬರ್ 26ರಂದು ಇಡೀ ನಗರವನ್ನು ಒಮ್ಮೆಲೇ ಹೊಸ ಯಂತ್ರಕ್ಕೆ ಒಪ್ಪಿಸಲಾಯಿತು. ಸಿಬ್ಬಂದಿಯ ಆಸನಗಳು ಬದಲಾದವು, ಕಾಗದದ ಚೀಟಿಗಳು ಮಾಯವಾದವು.

ಪ್ರತಿಯೊಂದು ವಾಹನ ಎಲ್ಲಿದೆ ಎಂಬ ಮಾಹಿತಿ ಸದಾ ನಿಖರವಾಗಿರುತ್ತದೆ ಎಂಬ ಭಾವನೆಯ ಮೇಲೆ ಆ ಯಂತ್ರ ನಿಂತಿತ್ತು. ವಾಸ್ತವದಲ್ಲಿ ರೇಡಿಯೋ ಸಂಕೇತ ಸಿಗದ ಜಾಗಗಳಿದ್ದವು. ಅವಸರದಲ್ಲಿ ಚಾಲಕರು ತಪ್ಪು ಗುಂಡಿ ಒತ್ತುತ್ತಿದ್ದರು. ಒಂದೇ ಸ್ಥಳಕ್ಕೆ ಎರಡು ವಾಹನಗಳು ಹೋದವು, ಮತ್ತೊಂದೆಡೆ ಒಂದೂ ಬರಲಿಲ್ಲ. ಎಚ್ಚರಿಕೆಯ ಸಂದೇಶಗಳು ಪರದೆಯ ಮೇಲೆ ಒಂದನ್ನೊಂದು ತಳ್ಳಿಕೊಂಡು ಕಣ್ಮರೆಯಾದವು. ಕಾದು ಬೇಸತ್ತವರು ಪುನಃ ಕರೆ ಮಾಡಿದಾಗ ಹೊರೆ ಇಮ್ಮಡಿಸಿತು. ಮರುದಿನ ಮಧ್ಯಾಹ್ನ ಅರೆಬರೆಯಾಗಿ ಹಳೆಯ ಪದ್ಧತಿಗೇ ಮರಳಬೇಕಾಯಿತು. ನವೆಂಬರ್ 4ರ ನಸುಕಿನಲ್ಲಿ ಯಂತ್ರ ಸಂಪೂರ್ಣ ಸ್ತಬ್ಧವಾಯಿತು. ಕಾರ್ಯಕ್ರಮದಲ್ಲಿ ಉಳಿದುಬಿಟ್ಟಿದ್ದ ಒಂದು ಸಣ್ಣ ತಪ್ಪು ಅದರ ಸ್ಮರಣಕೋಶವನ್ನು ದಿನದಿನವೂ ತಿನ್ನುತ್ತಿತ್ತು.

ಈ ಗೊಂದಲದಿಂದ 20-30 ಜನ ಮೃತರಾದರೆಂದು ಪತ್ರಿಕೆಗಳು ಬರೆದವು, ಅದು ಸಾಬೀತಾಗಲಿಲ್ಲ. ಆದರೆ 1993ರ ಫೆಬ್ರವರಿಯಲ್ಲಿ ಪ್ರಕಟವಾದ ತನಿಖಾ ವರದಿಯ ಒಂದು ಮಾತು ನನ್ನನ್ನು ಬಹುಕಾಲ ಕಾಡಿದೆ. ಮೊದಲ ಎರಡು ದಿನ ಯಂತ್ರ ಕೆಟ್ಟಿರಲೇ ಇಲ್ಲ, ಅದನ್ನು ಹೇಗೆ ರೂಪಿಸಲಾಗಿತ್ತೋ ಬಹುಪಾಲು ಹಾಗೆಯೇ ಅದು ನಡೆದುಕೊಂಡಿತು ಎಂಬುದು ಅದರ ಸಾರಾಂಶ. ಹಾಗಾದರೆ ಕೆಟ್ಟಿದ್ದು ಯಾವುದು?

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಸ್ಮರಣೆಯೊಡನೆ ಇನ್ನೊಂದನ್ನು ಸೇರಿಸುತ್ತಾರೆ: ಇತರರಿಂದ ಕಲಿಯುವ ಮನಸ್ಸು. ಈ ವಿಧೇಯತೆಯನ್ನು ನಾವು ಸಾಮಾನ್ಯವಾಗಿ ಕಿರಿಯರಿಂದ ಅಪೇಕ್ಷಿಸುತ್ತೇವೆ. ಆದರೆ ಆಳುವವನಿಗೆ ಅದು ಹೆಚ್ಚು ಅಗತ್ಯವೆಂದು ನನಗೆ ತೋರುತ್ತದೆ. ಯಾವ ವರದಿಯನ್ನು ಶಂಕಿಸಬೇಕು, ಯಾವ ಬೀದಿ ಯಾವ ಹೊತ್ತಿನಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಆ ಕೋಣೆಯಲ್ಲಿ ವರ್ಷಗಟ್ಟಲೆ ಕುಳಿತವರಿಗೆ ತಿಳಿದಿತ್ತು. ಅವರನ್ನು ಕೇಳದೆ ಕಟ್ಟಿದ ವ್ಯವಸ್ಥೆ ಅವರ ತಿಳಿವಳಿಕೆಯನ್ನು ಚೀಟಿಗಳೊಡನೆ ಹೊರಗೆಸೆಯಿತು. ಅವರನ್ನು ಕಡೆಗಣಿಸಿದ್ದು ಕರೆ ಮಾಡಿದವನನ್ನೇ ಕಡೆಗಣಿಸಿದಂತೆ.

ಹಾಗೆಂದು ಹಳೆಯದಕ್ಕೆ ಅಂಟಿಕೊಳ್ಳುವುದು ಸುರಕ್ಷಿತವೆಂದು ಯಾರೂ ಭಾವಿಸಬಾರದು. 2008ರಲ್ಲಿ ಆರಂಭವಾದ ನಮ್ಮ ರಾಜ್ಯದ 108 ಸೇವೆ 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ಅಸ್ತವ್ಯಸ್ತಗೊಂಡು, ಅನೇಕರ ಕರೆಗಳಿಗೆ ಉತ್ತರವೇ ದೊರೆಯಲಿಲ್ಲ. ಹಳತಾದ ಯಂತ್ರೋಪಕರಣ ಅದರ ಹಿಂದಿತ್ತು. ಮುಂದೂಡುವುದೂ ಒಂದು ನಿರ್ಧಾರವೇ. ಅದಕ್ಕೆ ಸಹಿ ಹಾಕಿದವರು ಕಾಣುವುದಿಲ್ಲ, ಅಷ್ಟೇ.

ಲಂಡನ್ನಿನವರು ಎರಡನೆಯ ಸಲ ಅವಸರಪಡಲಿಲ್ಲ. ಸಿಬ್ಬಂದಿಯೊಡನೆ ಕೆಟ್ಟಿದ್ದ ಸಂಬಂಧವನ್ನು ಮೊದಲು ಸರಿಪಡಿಸಿದರು. ಬಳಕೆದಾರರನ್ನು ಕೂಡಿಸಿಕೊಂಡು ಹೊಸ ತಂತ್ರಾಂಶವನ್ನು ತಮ್ಮಲ್ಲಿಯೇ ರೂಪಿಸಿದರು. 1996ರಲ್ಲಿ ಕರೆ ಸ್ವೀಕರಿಸುವ ಸರಳ ಭಾಗವನ್ನು ಮಾತ್ರ ಜಾರಿಗೆ ತಂದು, ಅದು ನೆಲೆಗೊಂಡ ಮೇಲೆ ಮಿಕ್ಕದ್ದನ್ನು ಒಂದೊಂದಾಗಿ ಸೇರಿಸಿದರು.

ಆದರೂ 2017ರ ಹೊಸ ವರ್ಷದ ಮೊದಲ ರಾತ್ರಿ, ವರ್ಷದಲ್ಲೇ ಅತ್ಯಂತ ಒತ್ತಡದ ಹೊತ್ತಿನಲ್ಲಿ, ಅಲ್ಲಿನ ಗಣಕ ವ್ಯವಸ್ಥೆ ಮತ್ತೆ ಕೈಕೊಟ್ಟಿತು. ವಿಳಂಬಗಳಾಗದೆ ಇರಲಿಲ್ಲ. ಆ ಸಿಬ್ಬಂದಿಗೆ ಇದಕ್ಕಾಗಿ ಮೊದಲೇ ತರಬೇತಿ ನೀಡಲಾಗಿತ್ತು. ಬೆಳಗಿನ ಜಾವದವರೆಗೂ ಅವರು ಪೆನ್ನು ಕಾಗದ ಹಿಡಿದು ಕರೆಗಳನ್ನು ಬರೆದುಕೊಂಡರು.