ಖಂಡಸ್ಫುಟಿತ ಜೀರ್ಣೋದ್ಧಾರ

ಮಳೆಗಾಲ ಕಳೆದ ಮೇಲೆ, ಹದಿನೈದು ವರ್ಷ ದಾಟಿದ ಕಾರಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಮುಗ್ಗಲು ವಾಸನೆ. ಕಾಲಡಿಯ ಮ್ಯಾಟ್ ಎತ್ತಿದರೆ ಅದರ ಕೆಳಗಿನ ದಪ್ಪ ಹಾಸು ಹಿಂಡುವಷ್ಟು ಒದ್ದೆ. ಅದನ್ನೂ ಎತ್ತಿದರೆ ತಗಡಿನ ಮೇಲೆ ಕಾವಿ ಬಣ್ಣದ ಪುಡಿ. ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಲ್ಲಿ ತೋಟದ ಮನೆಯ ಅಂಗಳದಲ್ಲಿ, ಶೀಟಿನ ಮಾಡಿನಡಿ ಹಳೆಯ ಮಾರುತಿ 800, ಆಮ್ನಿ ಕಾರುಗಳು ಇನ್ನೂ ನಿಂತಿವೆ. ಯಜಮಾನನಾದವನು ಬಿಡುವಿದ್ದ ದಿನ ತಂತಿ ಬ್ರಷ್ ಹಿಡಿದು ಅದರ ಪಕ್ಕ ಕೂತರೆ, ನೋಡಿದವರು ಆಡುವ ಮಾತು ಒಂದೇ: ಹೋಗೋ ವಸ್ತು ಹೋಗುತ್ತೆ, ಬಿಡ್ರೀ. ಆಡಿದವರಿಗೆ ಇದು ಲೋಕಾರೂಢಿಯ ಮಾತು. ಆದರೆ ಅದರ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಅಳಿಯುವುದೇ ಸ್ವಭಾವವಾದ ವಸ್ತುವಿಗೆ ಆರೈಕೆ ಮಾಡುವುದು ಮೋಹವೋ, ಧರ್ಮವೋ? ಧರ್ಮವೇ ಎಂಬುದು ನನ್ನ ವಾದ. ವಸ್ತು ನಶ್ವರವಾಗಿರುವುದರಿಂದಲೇ ಅದು ಧರ್ಮ.

ಈ ವಾದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಪ್ರಕಟಿಸಿದರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಶಾಸನಗಳೂ ಅದರಲ್ಲೇ ಇವೆ. ಕರ್ನಾಟಕದ ದೇವಾಲಯ ದತ್ತಿಗಳನ್ನು ಓದುತ್ತ ಹೋದವರಿಗೆ ಒಂದು ಪದಪುಂಜ ಮತ್ತೆ ಮತ್ತೆ ಎದುರಾಗುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು, ಜೀರ್ಣ ಎಂದರೆ ಸವೆದು ಶಿಥಿಲವಾದದ್ದು. ದೇವರ ಅಂಗಭೋಗ, ರಂಗಭೋಗ, ನೈವೇದ್ಯಕ್ಕೆ ಭೂಮಿ ಬಿಟ್ಟ ಅದೇ ಸಾಲಿನಲ್ಲಿ ದುರಸ್ತಿಗೂ ದತ್ತಿ ಬಿಟ್ಟಿದ್ದಾರೆ. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಗುಡಿ ಮುಂದೆ ಬಿರುಕು ಬಿಡುತ್ತದೆ ಎಂದು ಬರೆದು, ಅದಕ್ಕೆ ಈಗಲೇ ಹೊಲ ಎತ್ತಿಟ್ಟವರು ನಶ್ವರತೆಯನ್ನು ಅರಿಯದವರಲ್ಲ. ಅದನ್ನು ಅರಿತೇ ಅವರು ಲೆಕ್ಕಕ್ಕೆ ಬರೆದುಕೊಂಡರು. ಅವರ ಮಟ್ಟಿಗೆ ದುರಸ್ತಿ ಪೂಜೆಯ ಒಂದು ಭಾಗವಾಗಿತ್ತು. ಇನ್ನು ಎಷ್ಟೋ ತಾಮ್ರಶಾಸನಗಳ ಕೊನೆಗೆ ಬರುವ ಒಂದು ಪ್ರಸಿದ್ಧ ಶ್ಲೋಕದ ಅಭಿಪ್ರಾಯ ಹೀಗಿದೆ: ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಹೆಚ್ಚು, ದಾನದಿಂದ ಸ್ವರ್ಗ ಸಿಕ್ಕರೆ ಪಾಲನೆಯಿಂದ ಚ್ಯುತಿಯಿಲ್ಲದ ಪದವಿ. ಅಲ್ಲಿ ಪಾಲನೆ ಎಂದಿರುವುದು ದತ್ತಿಯನ್ನು ಉಳಿಸುವ ಕುರಿತು, ಬಿರುಕು ಮುಚ್ಚುವ ಕುರಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿಯೇ. ಆದರೆ ಬೇರೊಬ್ಬರು ಆರಂಭಿಸಿದ್ದನ್ನು ತನ್ನ ಹೆಸರಿನ ಹಂಗಿಲ್ಲದೆ ಕಾಯುವವನಿಗೆ ಕೊಟ್ಟವನಿಗಿಂತ ಮೇಲಿನ ಸ್ಥಾನ ಕೊಟ್ಟಿದ್ದಾರಲ್ಲ, ನನ್ನ ವಾದಕ್ಕೆ ಬೇಕಾದದ್ದು ಆ ತೂಕ.

ಗುಡಿಯ ಮಾತನ್ನು ತಗಡಿನ ಡಬ್ಬಿಗೆ ಅನ್ವಯಿಸಬಹುದೇ? ತುಕ್ಕು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರೆ ಅನ್ವಯಿಸಬಹುದು ಅನ್ನಿಸುತ್ತದೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ತುಕ್ಕು. ಹಾಗೆ ಹುಟ್ಟಿದ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಒಳಗಿನಿಂದ ಮೇಲೆತ್ತಿ ಬೊಕ್ಕೆ ಏಳಿಸುತ್ತದೆ. ಹೊರಗೆ ಕಡಲೆಕಾಳಿನಷ್ಟು ಬೊಕ್ಕೆ ಕಂಡರೆ ಒಳಗೆ ಅಂಗೈಯಗಲ ಹಬ್ಬಿರುವುದುಂಟು. ನೀರಿನ ದಾರಿಯೂ ಹಾಗೆಯೇ ಗೂಢ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದ ಕಡೆ ಒಳಗೆ ಬಂದ ಹನಿ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಇಳಿದು ಡ್ರೈವರನ ಕಾಲಡಿ ನಿಲ್ಲುತ್ತದೆ. ಒದ್ದೆ ಇದ್ದಲ್ಲೇ ಸೋರಿಕೆ ಇರಬೇಕೆಂದಿಲ್ಲ. ಫಲ ಕಂಡ ಜಾಗದಲ್ಲಿ ಕಾರಣ ಎಷ್ಟೋ ಸಲ ಸಿಕ್ಕುವುದಿಲ್ಲ. ಹುಡುಕಬೇಕಾದರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು, ಅದೂ ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ. ಒಣಗಿದ ರಬ್ಬರಿಗೆ ಮುಖದ ಪೌಡರ್ ಸವರಿದರೆ ನೀರು ಹರಿದ ಗೆರೆ ಎದ್ದು ಕಾಣುತ್ತದೆ. ಇನ್ನೂ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕಾರಿನ ಬಾಗಿಲೊಳಗೆ ನೀರು ಬರಲೇಬಾರದು ಎಂದು ಯಾರೂ ಅದನ್ನು ಮಾಡಿಲ್ಲ. ಕಿಟಕಿ ಗಾಜಿನ ಅಂಚಿನಿಂದ ನೀರು ಇಳಿದೇ ಇಳಿಯುತ್ತದೆ, ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ತೂತುಗಳಿವೆ. ಮಣ್ಣು, ಎಲೆ ಸೇರಿ ಅವು ಕಟ್ಟಿಕೊಂಡಾಗ ಬಾಗಿಲು ಒಂದು ಕೆರೆ ಆಗುತ್ತದೆ.

ಕೆರೆ ಎಂದೊಡನೆ ಈ ಸೀಮೆಯವರಿಗೆ ನೆನಪಾಗುವುದು ಚನ್ನಗಿರಿಯ ಸೂಳೆಕೆರೆ, ಶಾಂತಿಸಾಗರ. ಅದನ್ನು ಕಟ್ಟಿಸಿದಳೆಂಬ ಶಾಂತವ್ವನ ಕತೆ ಊರೂರಿಗೆ ಗೊತ್ತು. ಅದರ ಸಿದ್ದನ ತೂಬು, ಬಸವನ ತೂಬುಗಳಿಗೆ ಹೆಸರಿದೆ. ಆದರೆ ಆ ತೂಬುಗಳ ಹೂಳು ಬಿಡಿಸಿದವರ, ಏರಿಯ ಮೇಲೆ ಬೇರು ಬಿಟ್ಟ ಗಿಡ ಕಿತ್ತವರ, ಮಳೆಯ ರಾತ್ರಿ ಏರಿ ಕಾಯ್ದವರ ಹೆಸರು ಯಾವ ಕತೆಯಲ್ಲೂ ಬರುವುದಿಲ್ಲ. ಶತಮಾನಗಳಿಂದ ಕೆರೆ ನಿಂತಿರುವುದು ಕಟ್ಟಿಸಿದ ಒಂದು ದಿನದ ಸಂಕಲ್ಪದಿಂದಷ್ಟೇ ಆಗಲಾರದು.

ಹೀಗೆ ಹೆಸರಿಲ್ಲದೆ ಕಾಯುವುದೂ ಕಾಯಕವೇ. ಆದರೆ ಕಾಯಕದ ಮಾತನ್ನು ನಾವು ಹೆಚ್ಚಾಗಿ ಹೊಸದನ್ನು ದುಡಿದು ಗಳಿಸುವ ಅರ್ಥದಲ್ಲಿ ಆಡುತ್ತೇವೆ. ಶರಣರ ಕಾಯಕಗಳನ್ನು ಒಂದೊಂದಾಗಿ ನೋಡಿದರೆ ಅರ್ಥ ಬೇರೆಯಾಗುತ್ತದೆ. ಮಡಿವಾಳ ಮಾಚಯ್ಯನ ಕೆಲಸದಿಂದ ಲೋಕಕ್ಕೆ ಒಂದು ಹೊಸ ಬಟ್ಟೆಯೂ ಸೇರಲಿಲ್ಲ; ಕೊಳೆಯಾದದ್ದು ಮಡಿಯಾಯಿತು, ಮತ್ತೆ ಕೊಳೆಯಾಯಿತು, ಮತ್ತೆ ಮಡಿಯಾಯಿತು. ಅಂಬಿಗರ ಚೌಡಯ್ಯನನ್ನು ಜನ ನೆನೆಯುವ ಚೌಡಯ್ಯದಾನಪುರ ಹೊನ್ನಾಳಿಯಿಂದ ಕೆಳಗೆ ಇದೇ ತುಂಗಭದ್ರೆಯ ದಡದಲ್ಲಿದೆ. ಈ ಹೊಳೆಯಲ್ಲಿ ಜನ ದಾಟುತ್ತಿದ್ದ ಹರಿಗೋಲು ಬಿದಿರು ಹೆಣೆದು ಚರ್ಮ ಹೊದಿಸಿದ ಬುಟ್ಟಿ. ಚರ್ಮ ಒಣಗಿ ಬಿರಿಯದಂತೆ, ಹೊಲಿಗೆ ಬಿಡದಂತೆ ನೋಡಿಕೊಳ್ಳದ ಅಂಬಿಗ ಎಷ್ಟು ಭಕ್ತನಾದರೂ ಆಚೆ ದಡ ಸೇರಿಸಲಾರ. ಸೋರುವುದನ್ನು ಮುಚ್ಚುವುದು ಅವನ ಕಾಯಕದ ಹೊರಗಿನದಲ್ಲ.

ಇಲ್ಲಿ ಎದುರಾಗುವ ಗಟ್ಟಿ ಆಕ್ಷೇಪವೆಂದರೆ, ಸ್ಥಾವರಕ್ಕಿಂತ ಜಂಗಮವೇ ದೊಡ್ಡದೆಂದ ಅದೇ ಶರಣರು ತಗಡು ಉಳಿಸುವ ಈ ಹಟವನ್ನು ಒಪ್ಪುತ್ತಿದ್ದರೇ ಎಂಬುದು. ಬೌದ್ಧರ ಮಿಲಿಂದಪ್ರಶ್ನೆಯಲ್ಲಂತೂ ಭಿಕ್ಷು ನಾಗಸೇನ ಮಿಲಿಂದ ದೊರೆಯ ರಥವನ್ನೇ ಎತ್ತಿಕೊಂಡು ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ಒಂದೂ ಅಲ್ಲ, ರಥವೆಂಬುದು ಭಾಗಗಳು ಕೂಡಿದ್ದಕ್ಕೆ ಇಟ್ಟ ಹೆಸರು. ಹಾಗಾದರೆ ಬಾಗಿಲು ಬದಲಿಸಿ, ತಳಕ್ಕೆ ಹೊಸ ತಗಡು ಬೆಸೆದ ಕಾರಿನಲ್ಲಿ ಉಳಿಸಿಕೊಂಡದ್ದಾದರೂ ಏನು? ಈ ಮಾತು ನನ್ನ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ಕಾರೆಂಬ ಗಟ್ಟಿ ತಿರುಳು ಎಲ್ಲೋ ಒಳಗೆ ಅಡಗಿದ್ದರೆ ಅದು ತಾನೇ ತನ್ನನ್ನು ಕಾಯ್ದುಕೊಳ್ಳುತ್ತಿತ್ತು. ಇಲ್ಲದಿರುವುದರಿಂದಲೇ, ಭಾಗಗಳನ್ನು ಕೂಡಿಸಿಟ್ಟ ಕೈ ಇರುವ ತನಕ ಮಾತ್ರ ಕಾರು ಇರುತ್ತದೆ. ಆರೈಕೆ ಮಾಡುವ ಆ ನಡೆಯೇ ಇಲ್ಲಿನ ಜಂಗಮ. ಕಠೋಪನಿಷತ್ತು ದೇಹವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಕರೆಯಿತು. ರಥ ತಾನಲ್ಲ ಎಂದು ತಿಳಿದ ರಥಿಕನಿಗೂ ಪ್ರಯಾಣ ಮುಗಿಯುವ ತನಕ ಗಾಲಿಗೆ ಎಣ್ಣೆ ಬೇಕು.

ಮೋಹವೂ ಇದೆ, ಇಲ್ಲವೆನ್ನುವುದಿಲ್ಲ. ಅದನ್ನು ಗುರುತಿಸುವುದು ಸುಲಭ: ಮೋಹಕ್ಕೆ ನೋಡುವ ಧೈರ್ಯ ಇರುವುದಿಲ್ಲ. ತುಕ್ಕಿನ ಮೇಲೇ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆಸಿದ ಕಾರು ಬೇಸಿಗೆಯಲ್ಲಿ ಹೊಸದರಂತೆ ಹೊಳೆಯುತ್ತದೆ. ಒಂದೆರಡು ಮಳೆಗಾಲದಲ್ಲಿ ಪುಟ್ಟಿಯೇ ಚಕ್ಕೆಚಕ್ಕೆಯಾಗಿ ಕಳಚಿ ಬೀಳುತ್ತದೆ. ಪಾಲನೆ ಮಾಡುವವನು ಮೊದಲು ಬೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುತ್ತಾನೆ. ಮೊನೆ ಒಳಕ್ಕೆ ಹೋದರೆ ಅಲ್ಲಿ ಲೋಹ ಉಳಿದಿಲ್ಲವೆಂದು ಒಪ್ಪುತ್ತಾನೆ. ಬೆಳ್ಳಗೆ ಮಿನುಗುವ ತಗಡು ಸಿಗುವ ತನಕ ಕೆರೆಯುತ್ತಾನೆ, ತೂತು ದೊಡ್ಡದಾದರೂ ಕೆರೆಯುತ್ತಾನೆ. ಆಮೇಲೆ ತುಕ್ಕು ತಡೆಯುವ ದ್ರಾವಣ, ರೆಡ್ ಆಕ್ಸೈಡ್, ಕೊನೆಗೆ ಬಣ್ಣ. ಹೋದದ್ದನ್ನು ಹೋಯಿತೆಂದು ಬಿಡುವ ವೈರಾಗ್ಯ ಈ ಕೆಲಸದ ಮೊದಲ ಹೆಜ್ಜೆಯಲ್ಲೇ ಇದೆ. ಸುಮ್ಮನೆ ಕೈಚೆಲ್ಲಿದವನಿಗೆ ಆ ಹೆಸರು ಸಲ್ಲದು.

ಇದಕ್ಕೊಂದು ಎಲ್ಲೆಯನ್ನೂ ಹೇಳಬೇಕು. ಬಾಗಿಲು, ಮಡ್‌ಗಾರ್ಡುಗಳ ತುಕ್ಕು ಮನೆಯಂಗಳದ ಕೆಲಸ. ಸಸ್ಪೆನ್ಷನ್ ಬೋಲ್ಟು ಕೂರುವ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆ ತೊಲೆ, ಸೀಟ್‌ಬೆಲ್ಟ್ ಹಿಡಿದಿರುವ ತಳ ಕರಗಿದ್ದರೆ ಅದಕ್ಕೆ ವೆಲ್ಡಿಂಗ್ ಬಲ್ಲವರೇ ಆಗಬೇಕು. ಅವರೂ ಆಗದೆಂದರೆ ಆ ಕಾರನ್ನು ರಸ್ತೆಗೆ ಇಳಿಸುವುದು ಅಧರ್ಮ. ಹೊಗೆ ಉಗುಳುವ ಹಳೆಯ ಗಾಡಿಯನ್ನು ಉಳಿಸುವುದು ಊರಿಗೆ ಮಾಡುವ ಅನ್ಯಾಯವಲ್ಲವೇ ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ. ಹದಿನೈದು ವರ್ಷದ ನಂತರ ನೋಂದಣಿ ನವೀಕರಿಸಲು ತಪಾಸಣೆಯಿದೆ, 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕವನ್ನು 5,000 ರೂಪಾಯಿಗೆ ಏರಿಸಿದ್ದರು. ಆ ತಪಾಸಣೆಯಲ್ಲಿ ಪ್ರಾಮಾಣಿಕವಾಗಿ ಪಾಸಾಗದ ಗಾಡಿಯ ಪರವಾಗಿ ನಾನು ವಾದಿಸುತ್ತಿಲ್ಲ. ಆದರೆ ಇನ್ನೂ ಓಡಬಲ್ಲದ್ದನ್ನು ಒಂದು ತೂತು ಕಟ್ಟಿಕೊಂಡದ್ದರಿಂದ ಗುಜರಿಗೆ ಹಾಕಿ, ಬದಲಿಗೆ ಮತ್ತಷ್ಟು ಉಕ್ಕು ಕರಗಿಸುವುದರಲ್ಲಿ ಊರಿಗೆ ಹಿತವಿದೆ ಎಂದು ನಂಬಲು ಕಷ್ಟ.

ಆಯುಧಪೂಜೆಯ ದಿನ ನಾವು ಕಾರನ್ನು ತೊಳೆದು, ವಿಭೂತಿ ಎಳೆದು, ಕುಂಕುಮವಿಟ್ಟು, ಹಾರ ಹಾಕಿ, ಬೂದುಗುಂಬಳ ಒಡೆದು, ಗಾಲಿಯಡಿ ನಿಂಬೆಹಣ್ಣಿಟ್ಟು ಕೈಮುಗಿಯುತ್ತೇವೆ. ನಮ್ಮನ್ನು ಹೊತ್ತ ವಸ್ತುವಿಗೆ ಕೃತಜ್ಞತೆ ಹೇಳುವ ಆ ಸಂಪ್ರದಾಯ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಪೂಜೆಗೂ ಜೀರ್ಣೋದ್ಧಾರಕ್ಕೂ ಒಂದೇ ಸಾಲಿನಲ್ಲಿ ದತ್ತಿ ಬಿಟ್ಟವರ ನಾಡಿನಲ್ಲಿ ಎರಡನ್ನೂ ಒಂದೇ ದಿನ ಮಾಡುವುದು ಸಹಜ. ಈ ಸಲ ನವಮಿಯ ಬೆಳಿಗ್ಗೆ ಕಾರಿಗೆ ನೀರು ಸುರಿಯುವ ಮೊದಲು ಬಾಗಿಲು ತೆರೆದು, ಅದರ ತಳದ ಅಂಚಿನಲ್ಲಿರುವ ಆ ಸಣ್ಣ ತೂಬುಗಳನ್ನು ಬೆರಳಿನಿಂದ ಹುಡುಕಿ, ಒಂದು ತಂತಿಯಿಂದ ಮಣ್ಣು ಬಿಡಿಸಿ. ಒಳಗೆ ನಿಂತ ನೀರು ಹೊರಗೆ ಹರಿಯಲಿ. ಕುಂಕುಮ ಆಮೇಲೆ ಇಡಿ.