ಹತ್ತಿದ ಬೆಂಕಿ, ಹಚ್ಚಿದ ಬೆಂಕಿ

ಕನ್ನಡದಲ್ಲಿ ಬೆಂಕಿಯ ಕುರಿತು ಎರಡು ಕ್ರಿಯಾಪದಗಳಿವೆ. ಒಂದು 'ಹಚ್ಚು', ಇನ್ನೊಂದು 'ಹತ್ತು'. ಹಚ್ಚುವುದಕ್ಕೆ ಒಬ್ಬ ಕರ್ತೃ ಬೇಕು. ಹತ್ತುವುದಕ್ಕೆ ಯಾರೂ ಬೇಕಿಲ್ಲ, ಬೆಂಕಿಯೇ ಅಲ್ಲಿ ಕರ್ತೃ. ಅಡಿಗೆಯ ಮಾತು ಬಂದಾಗ ನಾವು 'ಒಲೆ ಹಚ್ಚಿದೆ' ಎನ್ನುತ್ತೇವೆ. ಸಂಜೆಯಾದರೆ 'ದೀಪ ಹಚ್ಚಿದೆ' ಎನ್ನುತ್ತೇವೆ. ಆದರೆ ಕಬ್ಬು ಸುಟ್ಟಾಗ, ಮೇವಿನ ಬಣವೆ ಸುಟ್ಟಾಗ, ಗುಡ್ಡ ಸುಟ್ಟಾಗ ನಮ್ಮ ಬಾಯಿಂದ ಬರುವ ಮಾತು 'ಬೆಂಕಿ ಹತ್ತಿತು' ಎಂದೇ. ಉಪಕಾರ ಮಾಡಿದ ಬೆಂಕಿಗೆ ನಾವು ಕರ್ತೃಗಳು, ಅಪಕಾರ ಮಾಡಿದ ಬೆಂಕಿಗೆ ಯಾರೂ ಕರ್ತೃಗಳಲ್ಲ! ವ್ಯಾಕರಣದ ಈ ಅನುಕೂಲ ನಮ್ಮ ಮನಸ್ಸಾಕ್ಷಿಗೂ ಅನುಕೂಲವಾಗಿ ಬಿಟ್ಟಿದೆ.

ಹಾಗಾದರೆ ಯಾರೂ ಬಯಸದೆ ಆದ ಹಾನಿಗೆ ಯಾರು ಹೊಣೆ? ಬೇಕೆಂದು ಮಾಡಿಲ್ಲ ಎಂಬ ಒಂದು ಮಾತಿನಿಂದ ಮನುಷ್ಯ ಋಣಮುಕ್ತನಾಗುತ್ತಾನೆಯೇ? ಓದುಗರು ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕೆಂದು ವಿನಂತಿ.

ನಮ್ಮ ಸುತ್ತಲಿನ ಬೆಂಕಿ

ಮಸಗುಪ್ಪಿ, ಮೂಡಲಗಿ, ಗೋಕಾಕ, ಹುಕ್ಕೇರಿಯ ಸೀಮೆ ಘಟಪ್ರಭೆಯ ನೀರಿನಿಂದ ಹಸಿರಾದ ಸೀಮೆ. ಇಲ್ಲಿ ಕಬ್ಬೇ ಬದುಕು. ವಿದ್ಯುತ್ತಿನ ತಂತಿಗಳು ಈ ಹೊಲಗಳ ಮೇಲೆಯೇ ಹಾದು ಪಂಪ್‌ಸೆಟ್ಟುಗಳಿಗೆ ಹೋಗುತ್ತವೆ. ಕಬ್ಬು ಆಳೆತ್ತರ ದಾಟುತ್ತದೆ, ಬಿಸಿಲಿಗೂ ಹೊರೆಗೂ ಕಾದ ತಂತಿ ಜೋತು ಬೀಳುತ್ತದೆ. ಗಾಳಿ ಬೀಸಿದಾಗ ಎರಡು ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ. ಕೆಳಗೆ ಒಣಗಿದ ರವದಿ ಇರುತ್ತದೆ. ವರ್ಷವಿಡೀ ಬೆವರು ಸುರಿಸಿದ ಬೆಳೆ ಗಂಟೆಯೊಳಗೆ ಕರಿಯ ಕಡ್ಡಿಯಾಗುತ್ತದೆ. ಕಟಾವಾದ ಮೇಲೆ ಉಳಿದ ರವದಿಗೆ ರೈತರೇ ಇಡುವ ಬೆಂಕಿ ಬದು ದಾಟಿ ಪಕ್ಕದ ಹೊಲಕ್ಕೆ ಹೋಗುವುದೂ ಉಂಟು.

ಕಾಡಿನ ಕಥೆಯೂ ಬೇರೆಯಲ್ಲ. ಬಿದಿರಿಗೆ ಬಿದಿರು ತಿಕ್ಕಿ ಕಾಳ್ಗಿಚ್ಚು ಹುಟ್ಟುತ್ತದೆಂದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಆದರೆ ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟುವವು ಎಂಬುದು ಅರಣ್ಯದ ಬಲ್ಲವರ ಮಾತು. ಹೊಸ ಹುಲ್ಲು ಚಿಗುರಲಿ ಎಂದು ಇಡುವ ಬೆಂಕಿ, ಜೇನು ಬಿಡಿಸುವಾಗ ಬಿಟ್ಟು ಹೋದ ಕೊಳ್ಳಿ, ಉದುರಿದ ಜಿಂಕೆಯ ಕೊಂಬು ಕಾಣಿಸಲಿ ಎಂದು ತರಗಿಗೆ ಗೀರಿದ ಕಡ್ಡಿ, ಆರಿಸದೆ ಎಸೆದ ಬೀಡಿ, ಯಾರ ಮೇಲೋ ಇದ್ದ ಸಿಟ್ಟು ಹೀಗೆ ಕಾರಣಗಳ ಪಟ್ಟಿ ಬೆಳೆಯುತ್ತದೆ.

2019ರ ಫೆಬ್ರುವರಿ ಕೊನೆಯ ವಾರದಲ್ಲಿ ಬಂಡೀಪುರದ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಕಾಡು ಸುಟ್ಟು ಬೂದಿಯಾಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದಲ್ಲಿ ಬೆಂಕಿ ನಂದಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಬೆಂಕಿಗೇ ಆಹುತಿಯಾದರು. 2018ರ ಮಾರ್ಚಿಯಲ್ಲಿ ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂಡನ್ ಅವರು ಬೆಂಕಿ ಬಿದ್ದ ಜಾಗ ನೋಡಲು ಹೋಗಿ ಆನೆಯ ದಾಳಿಗೆ ಪ್ರಾಣ ಕಳೆದುಕೊಂಡರು. ಎಲ್ಲೋ ಗೀರಿದ ಕಡ್ಡಿಗೂ ಇಂತಹ ಮನೆಗಳ ಕಣ್ಣೀರಿಗೂ ಎಷ್ಟೊಂದು ದೂರ! ಆದರೆ ಅವೆರಡರ ನಡುವೆ ದಾರಿ ಇದೆ ಎಂಬುದನ್ನು ಅಲ್ಲಗಳೆಯುವುದು ಹೇಗೆ?

'ಎಲ್ಲವೂ ವಿಧಿ' ಎನ್ನುವವರಿಗೆ

ಇಂತಹ ಸಂದರ್ಭದಲ್ಲಿ ನಮ್ಮಲ್ಲಿ ಕೇಳಿ ಬರುವ ಮೊದಲ ಮಾತು, 'ತಕ್ದೀರ್‌ನಲ್ಲಿ ಇದ್ದದ್ದು ಆಯಿತು' ಎಂಬುದು. ಕಳೆದುಕೊಂಡವನು ತನ್ನ ಸಮಾಧಾನಕ್ಕೆ ಹೀಗೆಂದರೆ ಅದು ಸಹನೆ. ಕಳೆದವನೇ ಹೀಗೆಂದರೆ ಅದು ನುಣುಚಿಕೊಳ್ಳುವ ದಾರಿ. ಮಾತು ಒಂದೇ, ಆಡುವ ಬಾಯಿ ಬೇರೆಯಾದಾಗ ಅದರ ಬೆಲೆಯೂ ಬೇರೆಯಾಗುತ್ತದೆ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಅದರ ನಿವಾಸಿಗಳ ಸಮೇತ ಸುಟ್ಟು ಹೋದ ಸುದ್ದಿ ಪ್ರವಾದಿವರ್ಯರಿಗೆ(ಸ) ತಲುಪಿದಾಗ ಅವರು ವಿಧಿಯ ಕುರಿತು ಪ್ರವಚನ ನೀಡಲಿಲ್ಲ. ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿ ಮಲಗಿರಿ ಎಂದು ಕಲಿಸಿದರು. ಇಲಿಯೊಂದು ದೀಪದ ಬತ್ತಿಯನ್ನು ಎಳೆದೊಯ್ದು ಮನೆಯನ್ನೇ ಸುಡಬಹುದೆಂದೂ ಎಚ್ಚರಿಸಿದರು. ಗಮನಿಸಿ, ಬತ್ತಿ ಎಳೆದದ್ದು ಇಲಿ, ಆದರೆ ಬುದ್ಧಿವಾದ ಹೇಳಿದ್ದು ಮನುಷ್ಯನಿಗೆ. ಇಲಿಗೆ ಎಚ್ಚರಿಕೆಯ ಹೊಣೆಯಿಲ್ಲ, ದೀಪ ಇಟ್ಟವನಿಗೆ ಇದೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪಾಠವೂ ಇದೇ ಅಲ್ಲವೇ? ತವಕ್ಕುಲ್ ಎಂಬುದು ಹಗ್ಗ ಕಟ್ಟಿದ ಮೇಲೆ ಶುರುವಾಗುತ್ತದೆ.

ನಿಯ್ಯತ್ ಇರಲಿಲ್ಲ ಎಂಬ ವಾದ

ಎರಡನೆಯ ವಾದ ಇದಕ್ಕಿಂತ ಸೂಕ್ಷ್ಮವಾದುದು. ಕರ್ಮಗಳ ಬೆಲೆ ನಿಯ್ಯತ್ತಿನಂತೆ ಎಂದು ನಾವೆಲ್ಲ ಬಲ್ಲೆವು. ಹಾಗಿದ್ದರೆ ಸುಡುವ ಉದ್ದೇಶವೇ ಇಲ್ಲದವನ ಮೇಲೆ ತಪ್ಪು ಹೊರಿಸುವುದು ನ್ಯಾಯವೇ?

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಪಾಪ, ಇನ್ನೊಂದು ಸಾಲ. ಕೈ ತಪ್ಪಿ ಒಬ್ಬ ವಿಶ್ವಾಸಿಯ ಪ್ರಾಣ ಹೋದರೆ ಕುರ್‌ಆನ್ ಅದನ್ನು ಬುದ್ಧಿಪೂರ್ವಕ ಕೊಲೆಯೊಂದಿಗೆ ಸೇರಿಸುವುದಿಲ್ಲ. ಆದರೆ ಹಾಗೆಂದು ಬಿಟ್ಟು ಬಿಡುವುದೂ ಇಲ್ಲ. ಮೃತನ ಮನೆಯವರಿಗೆ ಪರಿಹಾರ ಕೊಡಬೇಕು, ಜೊತೆಗೆ ಪ್ರಾಯಶ್ಚಿತ್ತವನ್ನೂ ಮಾಡಬೇಕು. ಉದ್ದೇಶವಿಲ್ಲದ್ದರಿಂದ ಕೊಲೆಗಾರ ಎಂಬ ಹೆಸರು ತಪ್ಪಿತು, ಆದರೆ ಹಾನಿ ತುಂಬಿ ಕೊಡುವ ಭಾರ ತಪ್ಪಲಿಲ್ಲ. ಯಾಕೆಂದರೆ ನನ್ನ ಮನಸ್ಸು ಶುದ್ಧವಾಗಿತ್ತು ಎಂಬುದರಿಂದ ಸುಟ್ಟ ಕಬ್ಬು ಮತ್ತೆ ಹಸಿರಾಗುವುದಿಲ್ಲ.

ನಮ್ಮ ಫಿಕ್ಹ್ ವಿದ್ವಾಂಸರು ಬೆಂಕಿಯ ವಿಷಯವನ್ನೇ ತೆಗೆದುಕೊಂಡು ಚರ್ಚಿಸಿದ್ದಾರೆ ಎಂಬುದು ಬಹಳ ಜನರಿಗೆ ತಿಳಿಯದು. ಕ್ರಿ.ಶ. 1223ರಲ್ಲಿ ನಿಧನರಾದ ಇಬ್ನು ಖುದಾಮ ಅವರು 'ಅಲ್ ಮುಗ್ನಿ' ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಒಬ್ಬ ತನ್ನ ಜಾಗದಲ್ಲಿ ಬೆಂಕಿ ಹಚ್ಚುತ್ತಾನೆ, ಅದು ನೆರೆಯವನ ಸೊತ್ತನ್ನು ಸುಡುತ್ತದೆ. ಅವನು ರೂಢಿಯಂತೆ, ಅಳತೆ ಮೀರದೆ, ಎಚ್ಚರದಿಂದ ಹಚ್ಚಿದ್ದರೆ ಅವನ ಮೇಲೆ ಪರಿಹಾರವಿಲ್ಲ. ಆದರೆ ಜೋರು ಗಾಳಿ ಬೀಸುವಾಗ ಹಚ್ಚಿದ್ದರೆ, ಅಥವಾ ಹಬ್ಬುವುದು ಖಚಿತವೆನಿಸುವಷ್ಟು ದೊಡ್ಡ ಬೆಂಕಿ ಇಟ್ಟಿದ್ದರೆ ಅವನು ಹೊಣೆಗಾರ. ಇಲ್ಲಿ ನ್ಯಾಯಾಧೀಶನು 'ಸುಡಬೇಕೆಂದು ಹಚ್ಚಿದೆಯಾ' ಎಂದು ಕೇಳುವುದಿಲ್ಲ. 'ಹಚ್ಚುವಾಗ ಗಾಳಿ ಇತ್ತೇ?' ಎಂದು ಕೇಳುತ್ತಾನೆ. ಎಷ್ಟು ಸರಳವಾದ, ಎಷ್ಟು ತೂಕದ ಪ್ರಶ್ನೆ! ಮನಸ್ಸನ್ನು ಅಲ್ಲಾಹನೇ ಬಲ್ಲ, ಗಾಳಿಯನ್ನು ಊರೆಲ್ಲ ಬಲ್ಲದು.

ಈ ಅಳತೆಗೋಲನ್ನು ಹಿಡಿದು ನಮ್ಮ ಸೀಮೆಗೆ ಬನ್ನಿ. ಮಾರ್ಚಿಯ ಮಧ್ಯಾಹ್ನ, ಬಿಸಿಗಾಳಿಯಲ್ಲಿ, ಬದುವಿನ ಸುತ್ತ ರವದಿ ಸರಿಸದೆ, ನೀರಿನ ವ್ಯವಸ್ಥೆ ಇಲ್ಲದೆ, ಪಕ್ಕದ ಹೊಲದವನಿಗೆ ಒಂದು ಮಾತು ಹೇಳದೆ ಕಡ್ಡಿ ಗೀರಿದವನು 'ಬೆಂಕಿ ಹತ್ತಿತು' ಎನ್ನುವ ಹಕ್ಕನ್ನು ಕಳೆದುಕೊಂಡಿದ್ದಾನೆ. ಅವನು 'ಹಚ್ಚಿದೆ' ಎಂದೇ ಹೇಳಬೇಕು.

ತಂತಿಯ ಕೆಳಗೆ ಯಾರು ನಿಲ್ಲಬೇಕು?

ಆದರೆ ವಿದ್ಯುತ್ ತಂತಿಯಿಂದ ಬಿದ್ದ ಕಿಡಿಗೆ ಏನು ಹೇಳೋಣ? ಅಲ್ಲಿ ಯಾರೂ ಕಡ್ಡಿ ಗೀರಲಿಲ್ಲವಲ್ಲ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರ್ 8ರಂದು ನಡೆದುದನ್ನು ನೋಡಿ. ಸುಮಾರು ನೂರು ವರ್ಷ ಹಳೆಯದಾದ ಒಂದು ವಿದ್ಯುತ್ ಮಾರ್ಗದಲ್ಲಿ ತಂತಿಯ ಭಾರ ಹೊತ್ತಿದ್ದ ಕಬ್ಬಿಣದ ಕೊಕ್ಕೆಯೊಂದು ಸವೆದು ಸವೆದು ಮುರಿಯಿತು. ಕಿಡಿ ಒಣ ಹುಲ್ಲಿಗೆ ಬಿತ್ತು. ಪ್ಯಾರಡೈಸ್ ಎಂಬ ಊರು ಹೆಚ್ಚುಕಡಿಮೆ ಪೂರ್ತಿ ಸುಟ್ಟು ಹೋಯಿತು, 85 ಜನ ಸತ್ತರು. 2020ರ ಜೂನ್‌ನಲ್ಲಿ ಆ ವಿದ್ಯುತ್ ಕಂಪನಿಯ ಮುಖ್ಯಸ್ಥರು ನ್ಯಾಯಾಲಯದಲ್ಲಿ ನಿಂತು, ಸತ್ತವರ ಹೆಸರು ಒಂದೊಂದಾಗಿ ಓದಿದಂತೆಲ್ಲ ಕಂಪನಿಯ ಪರವಾಗಿ 84 ಸಲ 'ತಪ್ಪಿತಸ್ಥ' ಎಂದು ಒಪ್ಪಿಕೊಂಡರು. ಕಂಪನಿಗೆ ದಂಡ ಬಿತ್ತು. ಆದರೆ ಕಂಪನಿಯನ್ನು ಜೈಲಿಗೆ ಹಾಕಲು ಬರುವುದಿಲ್ಲ. ಯಾವ ವ್ಯಕ್ತಿಯೂ ಜೈಲಿಗೆ ಹೋಗಲಿಲ್ಲ.

ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಲೋಕದ ನ್ಯಾಯಾಲಯದಲ್ಲಿ ಕಂಪನಿ, ಇಲಾಖೆ, ಮಂಡಳಿ ಎಂಬ ಹೆಸರುಗಳು ಬಂದು ನಿಲ್ಲಬಹುದು. ಪರಲೋಕದ ನ್ಯಾಯಾಲಯದಲ್ಲಿ ಈ ಹೆಸರಿನವರು ಯಾರೂ ಇರುವುದಿಲ್ಲ. ಅಲ್ಲಿ ಮನುಷ್ಯರು ಒಬ್ಬೊಬ್ಬರಾಗಿಯೇ ನಿಲ್ಲುತ್ತಾರೆ. ಪ್ರತಿಯೊಬ್ಬನೂ ಕಾವಲುಗಾರ, ತನ್ನ ಕಾವಲಿನಲ್ಲಿದ್ದುದರ ಕುರಿತು ಅವನನ್ನು ಪ್ರಶ್ನಿಸಲಾಗುವುದು ಎಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯ ಅರ್ಥ ಇದೇ.

ಆದ್ದರಿಂದ ಜೋತು ಬಿದ್ದ ತಂತಿಯ ಪಾಲನ್ನು ಹಂಚಿ ನೋಡಬೇಕಾಗುತ್ತದೆ. ದೂರು ಬಂದರೂ ತಂತಿ ಎಳೆಸದ ಅಧಿಕಾರಿಗೆ ಒಂದು ಪಾಲು. ಹೊಸ ಕಂಬಕ್ಕೆ ಹಣ ಮಂಜೂರು ಮಾಡದವನಿಗೆ ಒಂದು ಪಾಲು. ತಂತಿ ನೆಲಕ್ಕೆ ಹತ್ತಿರವಾಗಿರುವುದನ್ನು ಕಣ್ಣಾರೆ ಕಂಡೂ ಅದರ ಕೆಳಗೇ ಕಬ್ಬು ನಾಟಿದ ನಮಗೆ ಒಂದು ಪಾಲು. ಕೊಕ್ಕೆ ಹಾಕಿ ಕರೆಂಟ್ ಕದಿಯುವವನಿಗೆ ದೊಡ್ಡ ಪಾಲು. ಟಿ.ಸಿ.ಯಲ್ಲಿ ಪದೇ ಪದೇ ಫ್ಯೂಜ್ ಹೋಗುತ್ತದೆಂದು ದಪ್ಪ ತಂತಿ ಕಟ್ಟಿಸುವವನದೂ ಕಡಿಮೆಯೇನಲ್ಲ. ಫ್ಯೂಜಿನ ಕೆಲಸವೇ ತಾನು ಮೊದಲು ಸುಟ್ಟು ಉಳಿದುದನ್ನು ಕಾಪಾಡುವುದು. ಅದರ ಜಾಗದಲ್ಲಿ ಸುಡದ ತಂತಿ ಕಟ್ಟುವುದೆಂದರೆ ಕಾವಲುಗಾರನನ್ನು ಕೊಂದು ನಿಶ್ಚಿಂತೆಯಿಂದ ಮಲಗಿದಂತೆ.

ಎಲ್ಲರೂ ಹೊಣೆ ಎಂದರೆ ಯಾರೂ ಹೊಣೆಯಲ್ಲ ಎಂದಾಗುವುದಿಲ್ಲವೇ ಎಂದು ಕೇಳಬಹುದು. ಇದು ಸರಿಯಾದ ಆಕ್ಷೇಪವೇ. ಇದಕ್ಕೆ ಉತ್ತರ, ಎಲ್ಲರ ಪಾಲು ಸಮವಲ್ಲ. ಯಾರಿಗೆ ಹೆಚ್ಚು ತಿಳಿದಿತ್ತೋ, ಯಾರ ಕೈಯಲ್ಲಿ ತಡೆಯುವ ಶಕ್ತಿ ಹೆಚ್ಚಿತ್ತೋ ಅವರ ಪಾಲು ದೊಡ್ಡದು. ತಂತಿ ಏರಿಸಲು ರೈತನಿಗೆ ಅಧಿಕಾರವಿಲ್ಲ, ಅವನ ಹೊಣೆ ದೂರು ಕೊಟ್ಟು ಬೆನ್ನು ಹತ್ತುವಲ್ಲಿಗೆ ಮುಗಿಯುತ್ತದೆ. ದೂರು ಪಡೆದವನ ಹೊಣೆ ಅಲ್ಲಿಂದಲೇ ಶುರುವಾಗುತ್ತದೆ.

ಕಾಡು ಕಾಯುವ ನ್ಯಾಯ

ಇದೇ ಮಾತು ಕಾಡಿಗೂ ಸಲ್ಲುತ್ತದೆ. ಕಡ್ಡಿ ಗೀರಿದ ದನಗಾಹಿಯನ್ನು ಹಿಡಿದು ಶಿಕ್ಷಿಸುವುದು ಸುಲಭ. ಅವನು ತಪ್ಪಿತಸ್ಥನೇ, ಸಂಶಯವಿಲ್ಲ. ಆದರೆ ಬೆಂಕಿಯ ರೇಖೆಗಳನ್ನು ಬೇಸಿಗೆಗೆ ಮೊದಲೇ ಸವರಿದ್ದರೇ? ಬೆಂಕಿ ಕಾವಲಿಗೆ ಸಾಕಷ್ಟು ಜನರನ್ನು ನೇಮಿಸಿ ಸಂಬಳ ಸಕಾಲಕ್ಕೆ ಕೊಟ್ಟಿದ್ದರೇ? ಕಾಡಂಚಿನ ಜನರನ್ನು ನೆರೆಯವರಂತೆ ಕಂಡರೇ, ಕಳ್ಳರಂತೆ ಕಂಡರೇ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲೇ, ನೆಲದ ಮೇಲಿನ ಒಣ ತರಗನ್ನು ಸಣ್ಣ ಬೆಂಕಿಯಿಂದ ಸುಡುತ್ತಿದ್ದರು. 1974ರಲ್ಲಿ ಅದು ವನ್ಯಜೀವಿ ಧಾಮವಾದ ಮೇಲೆ ಆ ಪದ್ಧತಿ ನಿಂತಿತು. ನಂತರದ ವರ್ಷಗಳಲ್ಲಿ ಲಂಟಾನ ಪೊದೆ ಕಾಡಿನೊಳಗೆ ದಟ್ಟವಾಗಿ ಹಬ್ಬಿದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಣಗಿದ ಲಂಟಾನ ಬೆಂಕಿಯನ್ನು ನೆಲದಿಂದ ಮರದ ಎತ್ತರಕ್ಕೆ ಏರಿಸುವ ಏಣಿಯಾಗುತ್ತದೆ. ಸಣ್ಣ ಬೆಂಕಿ ಬೇಡವೆಂದವರಿಗೆ ದೊಡ್ಡ ಬೆಂಕಿ ಎದುರಾಗಬಹುದೆಂಬ ಸೋಲಿಗ ಹಿರಿಯರ ಮಾತನ್ನು ತಳ್ಳಿ ಹಾಕುವಂತಿಲ್ಲ. 2011ರಲ್ಲಿ ಅಲ್ಲಿನ ಹಲವು ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತದ್ದು ಒಂದು ಒಳ್ಳೆಯ ಹೆಜ್ಜೆ. ಹಾಗೆಂದು ಯಾರು ಬೇಕಾದರೂ ಕಾಡಿಗೆ ಬೆಂಕಿ ಇಡಬಹುದು ಎಂದಲ್ಲ. ಕಾಲ, ಗಾಳಿ, ನೆಲ ಬಲ್ಲವರ ಬೆಂಕಿ ಬೇರೆ, ದಾರಿಹೋಕನ ಬೆಂಕಿ ಬೇರೆ.

ಹಝ್ರತ್ ಉಮರ್(ರ) ಅವರು ಹಿಮಾ ಎಂಬ ಸಂರಕ್ಷಿತ ಹುಲ್ಲುಗಾವಲಿಗೆ ಹುನಯ್ ಎಂಬವರನ್ನು ನೇಮಿಸಿದಾಗ ಕೊಟ್ಟ ಸೂಚನೆಯನ್ನು ಇಲ್ಲಿ ನೆನೆಯಬೇಕು. ಜನರೊಂದಿಗೆ ಮೃದುವಾಗಿರು, ಮರ್ದಿತನ ಮೊರೆಗೆ ಹೆದರು, ಕೆಲವೇ ಒಂಟೆ ಕುರಿಗಳಿರುವ ಬಡವನನ್ನು ಒಳಗೆ ಬಿಡು ಎಂದರು. ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಂತಹ ಶ್ರೀಮಂತರ ಹಿಂಡುಗಳ ಬಗ್ಗೆ ಎಚ್ಚರವಿರಲಿ ಎಂದೂ ಹೇಳಿದರು. ಶ್ರೀಮಂತರ ಹಿಂಡು ಸತ್ತರೆ ಅವರಿಗೆ ತೋಟ ಹೊಲಗಳಿವೆ, ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ಆಡಳಿತದ ಬಾಗಿಲಿಗೆ ಬರಬೇಕಾಗುತ್ತದೆ ಎಂಬುದು ಅವರ ತರ್ಕ. ರಕ್ಷಣೆ ಬೇಕು, ಆದರೆ ಅದರ ಭಾರ ಬಡವನೊಬ್ಬನ ಹೆಗಲ ಮೇಲೆಯೇ ಬೀಳಬಾರದು. ನ್ಯಾಯದಿಂದ ಕಾಯ್ದ ಕಾಡಿಗೆ ಕಾಡಂಚಿನವನೇ ಕಾವಲುಗಾರನಾಗುತ್ತಾನೆ.

ನಮ್ಮಿಂದ ಆಗಬೇಕಾದದ್ದು

ಪ್ರಿಯ ಓದುಗರೇ, ನಮ್ಮ ಕೈಯಲ್ಲಿರುವುದು ದೊಡ್ಡ ಕೆಲಸಗಳೇನಲ್ಲ. ರವದಿಯನ್ನು ಸುಡದೆ ಹೊಲದಲ್ಲೇ ಕೊಳೆಸಿದರೆ ಮಣ್ಣಿಗೆ ಗೊಬ್ಬರವಾಗುತ್ತದೆ. ಸುಡಲೇಬೇಕಾದರೆ ಗಾಳಿ ನಿಂತ ಹೊತ್ತು ನೋಡಿ, ಬದು ಸವರಿ, ನೆರೆಯವನನ್ನು ಕರೆದು, ಪೂರ್ತಿ ಆರುವ ತನಕ ಅಲ್ಲೇ ನಿಲ್ಲಬೇಕು. ತಂತಿ ಜೋತಿದ್ದರೆ ಬಾಯಿ ಮಾತಿನಲ್ಲಿ ಬಿಡದೆ ಲಿಖಿತ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು. ಬೆಳೆ ಎತ್ತರವಾಗುವ ಮೊದಲೇ ಈ ಕೆಲಸ ಆಗಬೇಕು. ತುಂಡಾಗಿ ಬಿದ್ದ ತಂತಿಯ ಹತ್ತಿರ ಮಕ್ಕಳು, ದನಕರು ಹೋಗದಂತೆ ಕಾವಲು ನಿಂತು ಲೈನ್‌ಮನ್‌ಗೆ ತಿಳಿಸಬೇಕು. ಗುಡ್ಡಕ್ಕೆ ಹೋಗುವ ಹುಡುಗರ ಜೇಬಿನ ಬೆಂಕಿಪೊಟ್ಟಣವನ್ನು ಮನೆಯ ಹಿರಿಯರು ಕೇಳಿ ತೆಗೆದುಕೊಳ್ಳಬೇಕು. ನಮ್ಮಿಂದ ನೆರೆಯವನಿಗೆ ಹಾನಿಯಾದರೆ ಅವನು ಹಿಂದೂವಾಗಿರಲಿ ಮುಸ್ಲಿಮನಾಗಿರಲಿ, ಪಂಚಾಯಿತಿ ಕಚೇರಿ ಹತ್ತುವ ಮೊದಲೇ ಅವನ ಮನೆಗೆ ನಾವಾಗಿ ಹೋಗಿ, 'ಇದು ನನ್ನಿಂದಾಯಿತು, ಲೆಕ್ಕ ಹೇಳಿ' ಎನ್ನಬೇಕು. ಕೊಡುವ ಹಣಕ್ಕಿಂತಲೂ ಈ ಒಂದು ಮಾತು ಆಡುವುದೇ ಹೆಚ್ಚಿನವರಿಗೆ ಕಷ್ಟ.

ಬೆಂಕಿಯನ್ನು ಅಲ್ಲಾಹನು ನಮಗೆ ಉಪಯೋಗಕ್ಕೂ ಕೊಟ್ಟಿದ್ದಾನೆ, ನೆನಪಿಗೂ ಕೊಟ್ಟಿದ್ದಾನೆ. ಒಲೆಯ ಬೆಂಕಿ ನೋಡಿದಾಗ ಇನ್ನೊಂದು ಬೆಂಕಿ ನೆನಪಾಗಬೇಕು. ಆ ದಿನ 'ಹತ್ತಿತು' ಎಂಬ ಕ್ರಿಯಾಪದದ ಹಿಂದೆ ಅಡಗಲು ಯಾರಿಗೂ ಆಗದು. ಕೈಗಳೇ ಸಾಕ್ಷಿ ನುಡಿಯುವ ದಿನವದು.

ನಮ್ಮ ಕೈಗೆ ಒಪ್ಪಿಸಿದ ಅಮಾನತ್ತನ್ನು ಎಚ್ಚರದಿಂದ ಕಾಯುವ, ತಪ್ಪಿದಾಗ ಒಪ್ಪಿ ತುಂಬಿ ಕೊಡುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.