ಮಾರದ ಮನೆಯ ಹಣ



ಮನೆಯು ಅಲ್ಲಾಹನ ದೊಡ್ಡ ಅನುಗ್ರಹ. ಮನೆಗಳನ್ನು ನಿಮಗೆ ನೆಮ್ಮದಿಯ ತಾಣವನ್ನಾಗಿ ಮಾಡಿದವನು ಅವನೇ ಎಂದು ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ನೆನಪಿಸುತ್ತದೆ. ಆದರೆ ಆ ನೆಮ್ಮದಿಯನ್ನು ಅರಸಿ ಹೊರಟವರೇ ಇರುವ ನೆಮ್ಮದಿಯನ್ನೂ ಕಳೆದುಕೊಳ್ಳುವುದನ್ನು ನಾವು ಕಾಣುತ್ತಿದ್ದೇವೆ.

ಮೂಡಿಗೆರೆ, ಕಳಸದ ಕಡೆಯಿಂದ ಚಿಕ್ಕಮಗಳೂರಿಗೆ ಬಂದು ನೆಲೆಸಬೇಕೆನ್ನುವ ಕುಟುಂಬಗಳು ಹಲವು. ಮಕ್ಕಳ ಓದು, ಮುದಿ ತಂದೆತಾಯಿಯ ಆಸ್ಪತ್ರೆ, ಮಳೆಗಾಲದ ಭಯ ಎಲ್ಲವೂ ನ್ಯಾಯವಾದ ಕಾರಣಗಳೇ. 2019ರ ಆಗಸ್ಟ್ ಮಳೆಯಲ್ಲಿ ಮಲೆಮನೆಯ ಗುಡ್ಡ ಕುಸಿದದ್ದನ್ನು ಕಂಡವರಿಗೆ ಆ ಭಯವನ್ನು ವಿವರಿಸಬೇಕಾಗಿಲ್ಲ.

ಹೀಗೆಯೇ ಹೊರಟ ಸಹೋದರರೊಬ್ಬರು ಒಂದು ದಿನ ಮಗ್ರಿಬ್ ನಮಾಝಿನ ಬಳಿಕ ನನ್ನ ಬಳಿ ಕುಳಿತರು. ಹಳ್ಳಿಯ ಮನೆಯನ್ನು ಮಾರಿದ ಹಣದಿಂದ ಕೊಡುವೆನೆಂಬ ಧೈರ್ಯದಲ್ಲಿ ಪೇಟೆಯ ಮನೆಗೆ ಕರಾರು ಮಾಡಿಕೊಂಡಿದ್ದರು. ಐದು ಲಕ್ಷ ಮುಂಗಡ, ಮೂರು ತಿಂಗಳ ವಾಯಿದೆ. ಆದರೆ ಹಳ್ಳಿಯ ಮನೆಯನ್ನು ಕೊಳ್ಳಲು ಬಂದವರು ದಾಖಲೆ ನೋಡಿ ಹಿಂದೆ ಸರಿದರು. ಇ-ಸ್ವತ್ತು ಆಗಿರಲಿಲ್ಲ, ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಇತ್ತ ವಾಯಿದೆ ಮುಗಿಯಿತು.

"ಉಸ್ತಾದರೇ, ಮುಂಗಡ ಹೋಯಿತು ಎನ್ನುತ್ತಾರೆ. ನನ್ನ ಹಣ ಅವರಿಗೆ ಹಲಾಲೇ?" ಎಂದು ಕೇಳಿದರು.

ನಾನು ಮೊದಲು ಮರುಪ್ರಶ್ನೆ ಕೇಳಿದೆ: "ತಂದೆಯ ಆ ಮನೆ ನಿಮ್ಮೊಬ್ಬರದೇ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಬ್ಬರು ಸಹೋದರಿಯರಿದ್ದರು. ಅವರ ಪಾಲನ್ನು ಅಲ್ಲಾಹನೇ ಅನ್ನಿಸಾ ಅಧ್ಯಾಯದಲ್ಲಿ ನಿಗದಿಪಡಿಸಿದ್ದಾನೆ. ಮನೆಯ ಪೂರ್ಣ ಬೆಲೆಯನ್ನು ತಮ್ಮದೆಂದು ಲೆಕ್ಕ ಹಾಕುವಾಗ ಇವರಿಗೆ ಆ ಪಾಲು ನೆನಪಾಗಿರಲಿಲ್ಲ.

ಓದುಗರೇ, ಮಾರದ ಮನೆಯ ಹಣ ಇನ್ನೂ ನಮ್ಮದಲ್ಲ. ಹೊಸ ಮನೆಯನ್ನು ಮೊದಲು ಕೊಳ್ಳುವುದು ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ಕೈಗೆ ಬಾರದ ಹಣವನ್ನು ನಂಬಿ ಮಾತು ಕೊಟ್ಟವನು ಒಂದು ಅಪಾಯವನ್ನು ಹೊತ್ತಿರುತ್ತಾನೆ. ಆ ಅಪಾಯದ ಭಾರ ಯಾರ ತಲೆಗೆ ಬೀಳುತ್ತದೆ ಎಂಬುದೇ ನೀತಿಯ ಪ್ರಶ್ನೆ. ವಾಯಿದೆ ಸಮೀಪಿಸಿದಾಗ ಒಬ್ಬನು ಬಡ್ಡಿಸಾಲಕ್ಕೆ ಕೈಚಾಚುತ್ತಾನೆ. ಇನ್ನೊಬ್ಬನು ಪತ್ನಿಯ ಮಹ್ರ್‌ನ ಚಿನ್ನವನ್ನು, ಅದು ಅವಳ ಸ್ವಂತ ಸೊತ್ತೆಂಬುದನ್ನು ಮರೆತು, ಒತ್ತೆ ಇಡುತ್ತಾನೆ. ಮತ್ತೊಬ್ಬನು ಹಳೆಯ ಮನೆಯ ಗೋಡೆಯ ಬಿರುಕಿಗೆ ಬಣ್ಣ ಬಳಿದು ಗಿರಾಕಿಗೆ ತೋರಿಸುತ್ತಾನೆ. ಪ್ರವಾದಿಯವರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ಒದ್ದೆ ತಗಲಿತು. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದರು. ಮಳೆನಾಡಿನಲ್ಲಿ ಮನೆ ಮಾರುವ ನಮಗೆ ಈ ಹದೀಸ್ ಎಷ್ಟು ಹತ್ತಿರದ್ದು!

ಇನ್ನು ಮುಂಗಡದ ಪ್ರಶ್ನೆ. ಫಿಕ್ಹ್‌ನಲ್ಲಿ ಇದಕ್ಕೆ 'ಉರ್ಬೂನ್' ಎನ್ನುತ್ತಾರೆ. ವ್ಯಾಪಾರ ಮುರಿದರೆ ಮುಂಗಡವನ್ನು ಮಾರುವವನು ಇಟ್ಟುಕೊಳ್ಳುವ ಷರತ್ತನ್ನು ಇಮಾಮ್ ಅಬೂ ಹನೀಫಾ, ಇಮಾಮ್ ಮಾಲಿಕ್ ಮತ್ತು ಇಮಾಮ್ ಶಾಫಿಈ(ರ) ಒಪ್ಪಲಿಲ್ಲ. ಪ್ರತಿಫಲವಿಲ್ಲದೆ ಇನ್ನೊಬ್ಬರ ಹಣ ತಿಂದಂತಾಗುತ್ತದೆ ಎಂಬುದು ಆಕ್ಷೇಪ. ಇಮಾಮ್ ಅಹ್ಮದ್(ರ) ಒಪ್ಪಿದರು. ಅವರ ಆಧಾರವೂ ಒಂದು ಮನೆಯ ವ್ಯಾಪಾರವೇ. ಹಝ್ರತ್ ಉಮರ್(ರ)ರ ಕಾಲದಲ್ಲಿ ಮಕ್ಕಾದ ಅಧಿಕಾರಿ ನಾಫಿಅ್ ಅವರು ಸೆರೆಮನೆಗಾಗಿ ಸಫ್ವಾನ್ ಬಿನ್ ಉಮಯ್ಯಾರ(ರ) ಮನೆಯನ್ನು ಕೊಂಡರು. ಉಮರ್‌ರು ಒಪ್ಪಿದರೆ ವ್ಯಾಪಾರ, ಒಪ್ಪದಿದ್ದರೆ ಸಫ್ವಾನರಿಗೆ 400 ದೀನಾರ್ ಎಂಬುದು ಷರತ್ತಾಗಿತ್ತೆಂದು ಬುಖಾರಿಯಲ್ಲಿದೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯೂ, ಕಾಲಾವಧಿ ನಿಗದಿಯಾಗಿದ್ದರೆ ಇದು ಆಗಬಹುದೆಂದು ತೀರ್ಮಾನಿಸಿತು.

ಹನಫಿಗಳೂ ಶಾಫಿಗಳೂ ಕೂಡಿ ಬಾಳುವ ಈ ಜಿಲ್ಲೆಯಲ್ಲಿ, ತನಗೆ ಲಾಭವಾಗುವ ಅಭಿಪ್ರಾಯವನ್ನು ಮಾತ್ರ ಎತ್ತಿ ಹಿಡಿಯುವುದು ಸುಲಭ. ಆದ್ದರಿಂದ ಅವರೊಂದಿಗೆ ಮಾರುವವರ ಮನೆಗೆ ಹೋದೆ. ಅಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಅವರೂ ಇದೇ ಹಣವನ್ನು ನಂಬಿ ಬೇರೊಂದು ನಿವೇಶನಕ್ಕೆ ಮಾತು ಕೊಟ್ಟು ನಷ್ಟ ಅನುಭವಿಸಿದ್ದರು! ಇವರನ್ನು ದುರಾಸೆಯವರೆಂದು ಭಾವಿಸಿ ಹೋಗಿದ್ದ ನನಗೇ ನಾಚಿಕೆಯಾಯಿತು. ಕರಾರುಗಳನ್ನು ಪಾಲಿಸಿರಿ ಎಂಬ ಕುರ್‌ಆನಿನ ಆಜ್ಞೆಯ ಹಿಂದೆ ಇಂತಹ ಎಷ್ಟು ಮನೆಗಳ ದೀಪಗಳಿವೆಯೋ!

ಪಶ್ಚಾತ್ತಾಪಪಟ್ಟವನಿಗಾಗಿ ವ್ಯಾಪಾರವನ್ನು ಬಿಟ್ಟುಕೊಡುವವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಹದೀಸನ್ನು ನಾನು ನೆನಪಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ನಿಜವಾಗಿ ಆದ ನಷ್ಟವನ್ನು ಮಾತ್ರ ಲೆಕ್ಕ ಹಾಕಿ ಹಿಡಿದುಕೊಂಡರು. ಉಳಿದದ್ದನ್ನು, ಬೇರೆಯವರು ಮನೆ ಕೊಂಡಾಗ ಕೊಡುವುದಾಗಿ ಬರೆದುಕೊಟ್ಟರು. ಸಾಲವನ್ನು ಬರೆದಿಡಿರೆಂಬ ಅಲ್ಬಕರ ಅಧ್ಯಾಯದ ಆದೇಶದಂತೆ ಸಾಕ್ಷಿಗಳೂ ಸಹಿ ಹಾಕಿದರು. ನಮ್ಮ ಸಹೋದರರಿಗೆ ನಷ್ಟವಾಯಿತು, ನಿಜ. ಆದರೆ ಅದು ಅವರೇ ಹೊತ್ತ ಅಪಾಯದ ಬೆಲೆಯಾಗಿತ್ತು.

ಆದ್ದರಿಂದ ಸಹೋದರರೇ, ಸಹೋದರಿಯರೇ, ಕರಾರಿಗೆ ಸಹಿ ಹಾಕುವ ಮುನ್ನ ಖಾತೆಯನ್ನು ನೋಡಿರಿ, ವಾರಸುದಾರರನ್ನು ಕೇಳಿರಿ. ಹಣವು ಹಳೆಯ ಮನೆ ಮಾರಿದ ಬಳಿಕವೇ ಬರುವುದೆಂದು ಎದುರಿನವರಿಗೆ ಬಾಯಿಬಿಟ್ಟು ಹೇಳಿರಿ. ಅದನ್ನು ಕರಾರಿನಲ್ಲೂ ಬರೆಯಿಸಿರಿ. ಹೇಳಿದರೆ ಆ ಮನೆ ಕೈತಪ್ಪಬಹುದು. ತಪ್ಪಲಿ. ಮುಚ್ಚಿಟ್ಟು ಪಡೆದ ಮನೆಯಲ್ಲಿ ಬರಕತ್ ಹೇಗೆ ಬಂದೀತು?

ನಮ್ಮ ಮನೆಗಳನ್ನು ಅಲ್ಲಾಹನು ನೆಮ್ಮದಿಯ ತಾಣಗಳನ್ನಾಗಿ ಮಾಡಲಿ. ಆಮೀನ್.